ಪಾಡ್‌ಕಾಸ್ಟ್ ಪಠ್ಯ: ಬೆಂಕಿ ಶಬ್ದಕ್ಕಿಂತ ಮುಂದೆ ಓಡಿದಾಗ



2021ರ ಜನವರಿ 21, ರಾತ್ರಿ ಹತ್ತು ಗಂಟೆ ದಾಟಿತ್ತು. ಶಿವಮೊಗ್ಗ ಕಡೆಯವರಿಗೆ ಈ ರಾತ್ರಿ ಚೆನ್ನಾಗಿ ನೆನಪಿರುತ್ತೆ. ಕಿಟಕಿಗಳು ಗಡಗಡ ಅಂದವು, ಗೋಡೆ ಅದುರಿತು, ಜನ ಭೂಕಂಪ ಅಂತ ಮನೆಯಿಂದ ಹೊರಗೆ ಓಡಿ ಬಂದರು. ಭದ್ರಾವತಿಯಲ್ಲೂ ಹಾಗೇ, ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲೂ ಹಾಗೇ. ಆಮೇಲೆ ಗೊತ್ತಾಯ್ತು, ಅದು ಭೂಕಂಪ ಅಲ್ಲ. ಹುಣಸೋಡು ಅನ್ನೋ ಊರಿನಲ್ಲಿ ಕಲ್ಲು ಕ್ವಾರಿಯ ಹತ್ತಿರ ಸ್ಫೋಟಕ ತುಂಬಿದ್ದ ಲಾರಿ ಸಿಡಿದಿತ್ತು. ಕನಿಷ್ಠ ಐದು ಮಂದಿ ಕಾರ್ಮಿಕರು ಸತ್ತರು. ಒಂದು ತಿಂಗಳು ಕಳೆದಿತ್ತಷ್ಟೆ, ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಅಂಥದ್ದೇ ಇನ್ನೊಂದು.

ಇವತ್ತು ನಾನು ಲೈಸೆನ್ಸ್, ಅಕ್ರಮ ಗಣಿಗಾರಿಕೆ ಬಗ್ಗೆ ಮಾತಾಡ್ತಿಲ್ಲ. ಅದರ ಹಿಂದಿನ ಒಂದು ಸರಳ ಪ್ರಶ್ನೆ ತಗೊಳ್ತೀನಿ. ಒಂದು ಲಾರಿಯಲ್ಲಿದ್ದ ವಸ್ತು ಜಿಲ್ಲೆ ದಾಟಿ ನೆಲವನ್ನ ಅದುರಿಸುತ್ತೆ. ಆದ್ರೆ ಪೆಟ್ರೋಲ್ ತುಂಬಿದ ಟ್ಯಾಂಕರ್ ಪಲ್ಟಿಯಾಗಿ ಹೊತ್ತಿಕೊಂಡಾಗ, ಎಷ್ಟೇ ಭಯಂಕರ ಬೆಂಕಿಯಾದರೂ ಪಕ್ಕದ ಜಿಲ್ಲೆಯ ಕಿಟಕಿ ಅಲುಗೋದಿಲ್ಲ. ಯಾಕೆ?

ಪೆಟ್ರೋಲ್‌ನಲ್ಲಿ ಶಕ್ತಿ ಕಡಿಮೆ, ಸ್ಫೋಟಕದಲ್ಲಿ ಜಾಸ್ತಿ ಅಂತ ನೀವು ಅಂದುಕೊಂಡಿದ್ರೆ, ವಿಷಯ ಉಲ್ಟಾ ಇದೆ. ಒಂದು ಕಿಲೋ ಟಿಎನ್‌ಟಿ ಸಿಡಿದಾಗ ಹೊರಬರೋ ಶಕ್ತಿ ಸುಮಾರು 4.2 ಮೆಗಾಜೂಲ್. ಒಂದು ಕಿಲೋ ಅಡುಗೆ ಅನಿಲ ಉರಿದ್ರೆ ಸುಮಾರು 46. ಅದು ಬಿಡಿ, ಒಂದು ಕಿಲೋ ಬೆಲ್ಲ! ಬೆಲ್ಲದಲ್ಲಿ ಸುಮಾರು 16 ಮೆಗಾಜೂಲ್ ಇದೆ. ಅಂದ್ರೆ ನಿಮ್ಮ ಮನೆ ಡಬ್ಬಿಯಲ್ಲಿರೋ ಅಚ್ಚು ಬೆಲ್ಲದಲ್ಲಿ ಅಷ್ಟೇ ತೂಕದ ಟಿಎನ್‌ಟಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಶಕ್ತಿ. ಹೋಳಿಗೆ ತಿಂದು ಯಾರೂ ಸಿಡಿದಿಲ್ಲ.

ವ್ಯತ್ಯಾಸ ಇರೋದು ಸಮಯದಲ್ಲಿ. ಒಂದು ಕಿಲೋ ಟಿಎನ್‌ಟಿಯನ್ನ ಉಂಡೆ ಮಾಡಿದ್ರೆ ಅದರ ಮಧ್ಯದಿಂದ ಅಂಚಿಗೆ ಐದು ಸೆಂಟಿಮೀಟರ್ ಚಿಲ್ಲರೆ. ಸಿಡಿತದ ಅಲೆ ಅದರಲ್ಲಿ ಸೆಕೆಂಡಿಗೆ ಸುಮಾರು 6,900 ಮೀಟರ್ ವೇಗದಲ್ಲಿ ಹೋಗುತ್ತೆ. ಲೆಕ್ಕ ಹಾಕಿ, ಇಡೀ ಉಂಡೆ ಮುಗಿಯೋಕೆ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಎಂಟು ಭಾಗ ಸಾಕು. ಅಷ್ಟು ಹೊತ್ತಿನಲ್ಲಿ 4.2 ಮೆಗಾಜೂಲ್ ಅಂದ್ರೆ 500 ಗಿಗಾವ್ಯಾಟ್‌ಗೂ ಹೆಚ್ಚು. 2024ರ ಮೇ ತಿಂಗಳ ಬಿಸಿಲಿನಲ್ಲಿ ಇಡೀ ಭಾರತದ ವಿದ್ಯುತ್ ಬೇಡಿಕೆ 250 ಗಿಗಾವ್ಯಾಟ್ ಮುಟ್ಟಿ ದಾಖಲೆಯಾಗಿತ್ತು. ಅದರ ಎರಡು ಪಟ್ಟು, ಒಂದು ಉಂಡೆಯಿಂದ. ಆದ್ರೆ ಎಂಟು ಮೈಕ್ರೋಸೆಕೆಂಡ್ ಮಾತ್ರ.

ಹಾಗಾದ್ರೆ ಆ ವೇಗ ಎಲ್ಲಿಂದ ಬರುತ್ತೆ? ಇಲ್ಲಿ ಸ್ವಲ್ಪ ಗಮನ ಕೊಡಿ, ಇವತ್ತಿನ ಮುಖ್ಯ ವಿಷಯ ಇದೇ.

ನಮ್ಮ ಸುದ್ದಿಗಳಲ್ಲಿ ಎಲ್ಲಕ್ಕೂ ಒಂದೇ ಪದ, ‘ಸ್ಫೋಟ’. ಕುಕ್ಕರ್ ಸ್ಫೋಟ, ಸಿಲಿಂಡರ್ ಸ್ಫೋಟ, ಕ್ವಾರಿ ಸ್ಫೋಟ. ಇವು ಮೂರೂ ಬೇರೆ ಬೇರೆ. ಕುಕ್ಕರ್ ಒಡೆಯೋದ್ರಲ್ಲಿ ಯಾವುದೂ ಉರಿಯೋದೇ ಇಲ್ಲ, ಒಳಗಿನ ಹಬೆಯ ಒತ್ತಡ ತಾಳಲಾರದೆ ಪಾತ್ರೆ ಬಿಚ್ಚಿಕೊಳ್ಳುತ್ತೆ, ಅಷ್ಟೆ. ಅದನ್ನ ಪಕ್ಕಕ್ಕಿಡಿ. ಉಳಿದದ್ದು ಎರಡು. ಒಂದರಲ್ಲಿ ಬೆಂಕಿ ಶಬ್ದಕ್ಕಿಂತ ನಿಧಾನವಾಗಿ ಹರಡುತ್ತೆ. ಅದಕ್ಕೆ ಡಿಫ್ಲಗ್ರೇಶನ್ ಅಂತಾರೆ, ನಾವು ‘ಉರಿಯೋದು’ ಅನ್ನೋಣ. ಇನ್ನೊಂದರಲ್ಲಿ ಬೆಂಕಿ ಶಬ್ದಕ್ಕಿಂತ ವೇಗವಾಗಿ ಓಡುತ್ತೆ. ಅದು ಡೆಟೊನೇಶನ್.

ಮೊದಲು ಉರಿಯೋದು. ನಿಮ್ಮ ಗ್ಯಾಸ್ ಒಲೆ ತಗೊಳ್ಳಿ. ಗಾಳಿ ಮತ್ತು ಅನಿಲ ಸರಿಯಾಗಿ ಬೆರೆತು ಅಲುಗದೆ ನಿಂತಿದ್ದಾಗ, ಅದರೊಳಗೆ ಜ್ವಾಲೆ ಹರಡೋ ವೇಗ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್. ಸಂಜೆ ವಾಕಿಂಗ್ ಹೋಗೋ ತಾತ ಇದಕ್ಕಿಂತ ಬೇಗ ನಡೀತಾರೆ. ಯಾಕೆ ಇಷ್ಟು ನಿಧಾನ ಅಂದ್ರೆ, ಉರಿದ ಪದರದ ಬಿಸಿ ಪಕ್ಕದ ಪದರಕ್ಕೆ ಹಬ್ಬಬೇಕು, ಅದು ಕಾಯಬೇಕು, ಆಮೇಲೆ ಹೊತ್ತಿಕೊಳ್ಳಬೇಕು. ಸಾಲಾಗಿ ಜೋಡಿಸಿದ ಬೆಂಕಿಕಡ್ಡಿಗಳ ಹಾಗೆ. ಬಿಸಿ ಹಬ್ಬೋದು ಯಾವತ್ತೂ ಅವಸರದ ಕೆಲಸ ಅಲ್ಲ.

ಡೆಟೊನೇಶನ್‌ನಲ್ಲಿ ಬಿಸಿ ಹಬ್ಬೋದಕ್ಕೆ ಯಾರೂ ಕಾಯಲ್ಲ. ಸೈಕಲ್ ಟ್ಯೂಬಿಗೆ ಗಾಳಿ ಹೊಡೆದಿದ್ದೀರಾ? ಪಂಪಿನ ಕೆಳಭಾಗ ಬಿಸಿಯಾಗಿರುತ್ತೆ. ಗಾಳಿಯನ್ನ ಗಬಕ್ಕನೆ ಅದುಮಿದ್ರೆ ಅದು ಕಾಯುತ್ತೆ. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದಿರೋದು ಇದಕ್ಕೇ, ಅದುಮಿದ ಗಾಳಿಯ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತೆ. ಈಗ ಪಿಸ್ಟನ್ ಬದಲು ಒಂದು ಆಘಾತ ತರಂಗ, ಅಂದ್ರೆ ಶಾಕ್ ವೇವ್, ಅನಿಲದ ಮೇಲೆ ನುಗ್ಗಿತು ಅಂದುಕೊಳ್ಳಿ. ಅದು ಹೋದ ಕಡೆಯೆಲ್ಲ ಅನಿಲ ಅದುಮಿಸಿಕೊಂಡು, ಕಾದು, ತಾನೇ ಹೊತ್ತಿಕೊಳ್ಳುತ್ತೆ. ಹೊತ್ತಿಕೊಂಡದ್ದು ಹಿಗ್ಗುತ್ತೆ. ಆ ಹಿಗ್ಗು ಶಾಕ್ ವೇವನ್ನ ಹಿಂದಿನಿಂದ ತಳ್ಳುತ್ತೆ. ತರಂಗ ಬೆಂಕಿ ಹಚ್ಚುತ್ತೆ, ಬೆಂಕಿ ತರಂಗವನ್ನ ಸಾಕುತ್ತೆ. ಗಾಳಿ ಬೆರೆತ ಪ್ರೊಪೇನ್ ಅನಿಲದಲ್ಲಿ ಈ ಜೋಡಿ ಸೆಕೆಂಡಿಗೆ ಸುಮಾರು 1,800 ಮೀಟರ್ ಓಡುತ್ತೆ. ಹೈಡ್ರೋಜನ್-ಆಮ್ಲಜನಕದಲ್ಲಿ 2,800ಕ್ಕೂ ಹೆಚ್ಚು. ಶಬ್ದದ ವೇಗ ಗಾಳಿಯಲ್ಲಿ ಸುಮಾರು 340 ಮೀಟರ್ ಅನ್ನೋದು ನೆನಪಿರಲಿ.

ಈ ಶಬ್ದದ ವೇಗಕ್ಕೆ ಯಾಕೆ ಇಷ್ಟು ಮಹತ್ವ? ಅನಿಲದಲ್ಲಿ ‘ಒತ್ತಡ ಬರ್ತಾ ಇದೆ’ ಅನ್ನೋ ಸುದ್ದಿ ಹೋಗೋದೇ ಶಬ್ದದ ವೇಗದಲ್ಲಿ. ನಿಧಾನ ಬೆಂಕಿ ಹಾರ್ನ್ ಹೊಡ್ಕೊಂಡು ಬರೋ ಬಸ್ಸಿನ ಹಾಗೆ. ಮುಂದಿರೋ ಗಾಳಿಗೆ ಸುದ್ದಿ ಮೊದಲೇ ಮುಟ್ಟುತ್ತೆ, ಅದು ಪಕ್ಕಕ್ಕೆ ಸರಿಯುತ್ತೆ. ಬಯಲಿನಲ್ಲಾದ್ರೆ ಒತ್ತಡ ಏರೋದೇ ಇಲ್ಲ ಅನ್ನಬಹುದು. ಡೆಟೊನೇಶನ್ ತನ್ನ ಹಾರ್ನ್‌ಗಿಂತ ಮುಂಚೆ ಬಂದು ಗುದ್ದುತ್ತೆ. ಸರಿಯೋಕೆ ಯಾರಿಗೂ ಪುರುಸೊತ್ತಿಲ್ಲ. ಗೋಡೆ ಇರಲಿ, ಬಯಲಿರಲಿ, ಒತ್ತಡ ಒಂದೇಟಿಗೆ ಹದಿನೈದು ಇಪ್ಪತ್ತು ಪಟ್ಟು ಏರಿಬಿಡುತ್ತೆ. ಅದೂ ಅನಿಲದಲ್ಲಿ. ಕ್ವಾರಿಯ ಘನ ಸ್ಫೋಟಕಗಳಲ್ಲಿ ಅದು ವಾತಾವರಣದ ಒತ್ತಡದ ಸಾವಿರಾರು ಪಟ್ಟು ಅಲ್ಲ, ಅದಕ್ಕೂ ಮೀರಿ ಹೋಗುತ್ತೆ. ಬಂಡೆ ಸೀಳೋದು ಈ ಗುದ್ದು.

ಇದನ್ನ ಕಂಡುಹಿಡಿದದ್ದು ಗಣಿಗಳ ದೆಸೆಯಿಂದ. ಫ್ರಾನ್ಸಿನ ಕಲ್ಲಿದ್ದಲು ಗಣಿಗಳಲ್ಲಿ ಅನಿಲ ಹೊತ್ತಿಕೊಂಡು ಜನ ಸಾಯ್ತಿದ್ರು. 1881ರ ಸುಮಾರಿಗೆ ಬರ್ತೆಲೋ ಮತ್ತು ವಿಯೇ ಒಂದು ಕಡೆ, ಮಲ್ಲಾರ್ ಮತ್ತು ಲ ಶಾತಲಿಯೇ ಇನ್ನೊಂದು ಕಡೆ, ಉದ್ದನೆ ಕೊಳವೆಗಳಲ್ಲಿ ಅನಿಲ ತುಂಬಿ ಒಂದು ತುದಿಗೆ ಬೆಂಕಿ ಹಚ್ಚಿ ನೋಡಿದ್ರು. ಜ್ವಾಲೆ ಮೊದಲು ಮೆಲ್ಲಗೆ ಹೊರಡೋದು, ಬರ್ತಾ ಬರ್ತಾ ಜೋರಾಗೋದು, ಎಲ್ಲೋ ಒಂದು ಕಡೆ ಇದ್ದಕ್ಕಿದ್ದಂತೆ ಸೆಕೆಂಡಿಗೆ ಎರಡು ಕಿಲೋಮೀಟರಿಗೂ ಹೆಚ್ಚಿನ ವೇಗಕ್ಕೆ ನೆಗೆಯೋದು. ಮತ್ತೆ ಆ ವೇಗ ಬದಲಾಗ್ತಿರಲಿಲ್ಲ. ಬೆಂಕಿ ಹೇಗೆ ಹಚ್ಚಿದ್ರು ಅನ್ನೋದು ಅದಕ್ಕೆ ಲೆಕ್ಕಕ್ಕೇ ಇಲ್ಲ. ಅನಿಲದ ಮಿಶ್ರಣ ಯಾವುದು ಅನ್ನೋದಷ್ಟೇ ವೇಗವನ್ನ ನಿರ್ಧರಿಸುತ್ತೆ.

ಯಾಕೆ ಅಂತ ಲೆಕ್ಕ ಹಾಕಿ ತೋರಿಸಿದ್ದು ಇಂಗ್ಲೆಂಡಿನ ಚಾಪ್‌ಮನ್, 1899ರಲ್ಲಿ. ಕೆಲ ವರ್ಷಗಳಲ್ಲೇ ಫ್ರಾನ್ಸಿನ ಜೂಗೆ. ಸುಟ್ಟ ಅನಿಲ ಅಲೆಯ ಹಿಂದೆ ಸರಿಯಾಗಿ ಅಲ್ಲಿನ ಶಬ್ದದ ವೇಗದಲ್ಲೇ ಹಿಂದುಳಿಯುತ್ತೆ. ಹಾಗಾಗಿ ಹಿಂದಿನಿಂದ ಯಾರು ಕೂಗಿದರೂ ಅಲೆಗೆ ಕೇಳಿಸಲ್ಲ. ಅದು ತನ್ನಷ್ಟಕ್ಕೆ ತಾನು ಓಡುತ್ತೆ. ಮುಂದೆ ಎರಡನೇ ಮಹಾಯುದ್ಧದ ಹೊತ್ತಿಗೆ ಅಲೆಯ ಒಳಗೆ ಏನು ನಡೆಯುತ್ತೆ, ಅಂದ್ರೆ ಮೊದಲು ಶಾಕ್, ಒಂದು ಚಿಕ್ಕ ಅಂತರ, ಆಮೇಲೆ ಉರಿ, ಅನ್ನೋ ಚಿತ್ರವನ್ನ ಮೂರು ಜನ ಬೇರೆ ಬೇರೆಯಾಗಿ ಬಿಡಿಸಿದ್ರು. 1940ರಲ್ಲಿ ಸೋವಿಯತ್ ಒಕ್ಕೂಟದ ಜೆಲ್ದೋವಿಚ್, 1942ರಲ್ಲಿ ಅಮೆರಿಕದಲ್ಲಿ ಫಾನ್ ನಾಯ್ಮನ್, 1943ರಲ್ಲಿ ಜರ್ಮನಿಯ ಡೋರಿಂಗ್. ನಮ್ಮ ನಿಮ್ಮ ಕಂಪ್ಯೂಟರ್ ವಿನ್ಯಾಸದ ಜೊತೆ ಹೆಸರು ಕೇಳಿಬರೋ ಅದೇ ನಾಯ್ಮನ್. ಯುದ್ಧದಲ್ಲಿ ಎದುರುಬದುರು ನಿಂತ ದೇಶಗಳೂ ಇದರಲ್ಲಿವೆ, ಬಂದ ಉತ್ತರ ಮಾತ್ರ ಒಂದೇ.

ನನಗೆ ಇದರಲ್ಲಿ ತುಂಬಾ ಇಷ್ಟದ ವಿಷಯ ಇನ್ನೊಂದಿದೆ. ಕೊಳವೆಯ ಒಳಗೋಡೆಗೆ ದೀಪದ ಮಸಿ ಹಿಡಿಸಿದ ತಗಡು ಇಟ್ಟು ಡೆಟೊನೇಶನ್ ಹಾಯಿಸಿದ್ರೆ, ಅಲೆ ಹೋದ ಮೇಲೆ ಮಸಿಯಲ್ಲಿ ಮೀನಿನ ಹುರುಪೆಯಂಥ ಚಿತ್ತಾರ ಮೂಡಿರುತ್ತೆ. ಅಂದ್ರೆ ಆ ಅಲೆ ಸಪಾಟು ಗೋಡೆ ಅಲ್ಲ. ಅದರ ಮುಖದ ಮೇಲೆ ಚಿಕ್ಕ ಚಿಕ್ಕ ತರಂಗಗಳು ಅಡ್ಡಡ್ಡ ಓಡಾಡಿ ಡಿಕ್ಕಿ ಹೊಡೀತಾ, ಡಿಕ್ಕಿಯಾದಲ್ಲಿ ಹೊಸದಾಗಿ ಹೊತ್ತಿಸ್ತಾ ಇರುತ್ತವೆ. ಹುರುಪೆ ಎಷ್ಟು ಚಿಕ್ಕದೋ ಆ ಅನಿಲ ಅಷ್ಟು ಸುಲಭವಾಗಿ ಡೆಟೊನೇಟ್ ಆಗುತ್ತೆ. ಗಾಳಿ ಬೆರೆತ ಹೈಡ್ರೋಜನ್‌ಗೆ ಅದು ಒಂದು ಸೆಂಟಿಮೀಟರ್ ಆಸುಪಾಸು, ಪ್ರೊಪೇನ್‌ಗೆ ಐದಾರು, ಮೀಥೇನ್‌ಗೆ ಒಂದು ಅಡಿಯಷ್ಟು. ಹೈಡ್ರೋಜನ್ ಜೊತೆ ಕೆಲಸ ಮಾಡೋರು ಅಷ್ಟೊಂದು ಹುಷಾರಾಗಿರೋದಕ್ಕೆ ಇದೂ ಒಂದು ಕಾರಣ.

ಈ ಅಲೆಯನ್ನ ಪಳಗಿಸಿ ಎಂಜಿನ್ ಮಾಡೋ ಪ್ರಯತ್ನವೂ ನಡೀತಿದೆ. ಉಂಗುರದ ಆಕಾರದ ಕೋಣೆಯಲ್ಲಿ ಡೆಟೊನೇಶನ್ ಸೆಕೆಂಡಿಗೆ ಸಾವಿರಾರು ಸುತ್ತು ಹೊಡೀತಾ ಇರುತ್ತೆ, ಹೊಸ ಇಂಧನ ಬರ್ತಾ ಇರುತ್ತೆ. 2021ರ ಜುಲೈನಲ್ಲಿ ಜಪಾನಿನವರು ಇಂಥದ್ದೊಂದನ್ನ ಸೌಂಡಿಂಗ್ ರಾಕೆಟ್‌ನಲ್ಲಿ ಬಾಹ್ಯಾಕಾಶಕ್ಕೆ ಒಯ್ದು ಉರಿಸಿ ತೋರಿಸಿದ್ರು. ಅಂದ ಹಾಗೆ ಇಸ್ರೋ 2016ರ ಆಗಸ್ಟ್‌ನಲ್ಲಿ ಶ್ರೀಹರಿಕೋಟಾದಿಂದ ಪರೀಕ್ಷಿಸಿದ ಸ್ಕ್ರಾಮ್‌ಜೆಟ್ ಇದಲ್ಲ. ಅದರಲ್ಲಿ ಎಂಜಿನ್ ಒಳಗೆ ಹರಿಯೋ ಗಾಳಿ ಶಬ್ದಾತೀತ ವೇಗದ್ದು, ಬೆಂಕಿಯ ಅಲೆ ಅಲ್ಲ. ಯೂಟ್ಯೂಬ್‌ನಲ್ಲಿ ಎರಡನ್ನೂ ಕಲಸಿಬಿಡ್ತಾರೆ, ಅದಕ್ಕೇ ಹೇಳಿದೆ.

ಈಗ ಅಪಾಯದ ಕಡೆಗೆ. ಕೊಳವೆಯಲ್ಲಿ ಮೆಲ್ಲಗೆ ಹೊರಟ ಜ್ವಾಲೆ ನೆಗೆದದ್ದು ಹೇಗೆ? ಜ್ವಾಲೆ ಮುಂದಿನ ಅನಿಲವನ್ನ ತಳ್ಳುತ್ತೆ. ಆ ಅನಿಲ ಯಾವುದಾದ್ರೂ ಅಡ್ಡಿಗೆ, ಪೈಪಿಗೋ ಕಂಬಕ್ಕೋ, ಬಡಿದು ಸುಳಿ ಸುಳಿಯಾಗುತ್ತೆ. ಸುಳಿಯೊಳಗೆ ಹೊಕ್ಕ ಜ್ವಾಲೆ ಸುಕ್ಕಾಗುತ್ತೆ. ಮಡಚಿದ ಬಟ್ಟೆಯಲ್ಲಿ ಹೆಚ್ಚು ಬಟ್ಟೆ ಹಿಡಿಸಿದ ಹಾಗೆ, ಅಷ್ಟೇ ಜಾಗದಲ್ಲಿ ಹೆಚ್ಚು ಉರಿ. ಹೆಚ್ಚು ಉರಿ ಇನ್ನೂ ಜೋರಾಗಿ ತಳ್ಳುತ್ತೆ, ಇನ್ನೂ ಸುಳಿ, ಇನ್ನೂ ಸುಕ್ಕು. ಸಾಕಷ್ಟು ಉದ್ದ ಸಿಕ್ಕರೆ ಒತ್ತಡದ ಅಲೆಗಳು ಒಂದರ ಮೇಲೊಂದು ಬಂದು ಸೇರಿ ಶಾಕ್ ಆಗುತ್ತೆ, ಎಲ್ಲೋ ಒಂದು ಬಿಂದುವಿನಲ್ಲಿ ಡೆಟೊನೇಶನ್ ಹುಟ್ಟುತ್ತೆ.

ಇದು ಕೊಳವೆ, ಗಣಿ, ಸುರಂಗದ ಕಥೆ, ತೆರೆದ ಬಯಲಲ್ಲಿ ಪೆಟ್ರೋಲ್ ಆವಿ ಹೀಗೆಲ್ಲ ಮಾಡಲ್ಲ ಅನ್ನೋ ನಂಬಿಕೆ ಬಹಳ ಕಾಲ ಇತ್ತು. ಅದನ್ನ ಅಲುಗಿಸಿದ್ದು ಬನ್ಸ್‌ಫೀಲ್ಡ್.

ಲಂಡನ್ನಿಗೆ ಸಮೀಪದ ಹೆಮೆಲ್ ಹೆಂಪ್‌ಸ್ಟೆಡ್ ಊರಿನ ತೈಲ ಡಿಪೋ. 2005ರ ಡಿಸೆಂಬರ್ 11, ಭಾನುವಾರ ನಸುಕು. 912 ನಂಬರಿನ ಟ್ಯಾಂಕಿಗೆ ಪೈಪ್‌ಲೈನ್‌ನಿಂದ ಪೆಟ್ರೋಲ್ ತುಂಬ್ತಾ ಇತ್ತು. ಬೆಳಗಿನ ಜಾವ ಮೂರರ ಸುಮಾರಿಗೆ ಮಟ್ಟ ತೋರಿಸೋ ಗೇಜ್ ಸಿಕ್ಕಿಹಾಕಿಕೊಂಡು ನಿಂತುಬಿಡ್ತು. ಪೆಟ್ರೋಲ್ ಏರ್ತಾನೇ ಇದೆ, ಕಂಟ್ರೋಲ್ ರೂಮಿನ ಪರದೆಯಲ್ಲಿ ಮಟ್ಟ ಇದ್ದಲ್ಲೇ ಇದೆ. ತುಂಬಿದಾಗ ತಾನಾಗಿ ನಿಲ್ಲಿಸಬೇಕಿದ್ದ ಇನ್ನೊಂದು ಸ್ವಿಚ್ಚೂ ಕೆಲಸ ಮಾಡಲಿಲ್ಲ. ಐದೂ ಮುಕ್ಕಾಲು ಆಗೋ ಮೊದಲೇ ಟ್ಯಾಂಕಿನ ತಲೆಯಿಂದ ಪೆಟ್ರೋಲ್ ಜಲಪಾತದ ಹಾಗೆ ಸುರಿಯೋಕೆ ಶುರುವಾಯ್ತು. ಎತ್ತರದಿಂದ ಬಿದ್ದು ಹನಿ ಹನಿಯಾಗಿ ಒಡೆದು, ತಣ್ಣನೆಯ, ಗಾಳಿಯೇ ಇಲ್ಲದ ಆ ಬೆಳಗಿನಲ್ಲಿ ಬಿಳಿ ಮಂಜಿನ ಹಾಗೆ ನೆಲದ ಮೇಲೆ ಹರಡಿತು. ಸಿಸಿಟಿವಿಯಲ್ಲಿ ಅದು ಕಾಣುತ್ತೆ. ಆಳು ಎತ್ತರದ ಮಂಜು, ಡಿಪೋ ದಾಟಿ ಪಕ್ಕದ ರಸ್ತೆ, ಕಚೇರಿಗಳ ಪಾರ್ಕಿಂಗ್ ಜಾಗದವರೆಗೆ. 6 ಗಂಟೆ 1 ನಿಮಿಷಕ್ಕೆ ಕಿಡಿ ತಗುಲಿತು.

ಭೂಕಂಪ ಮಾಪಕಗಳಲ್ಲಿ ಅದು 2.4 ತೀವ್ರತೆಯಾಗಿ ದಾಖಲಾಯ್ತು. ಇಪ್ಪತ್ತಕ್ಕೂ ಹೆಚ್ಚು ಟ್ಯಾಂಕ್‌ಗಳು ದಿನಗಟ್ಟಲೆ ಉರಿದವು. 43 ಮಂದಿಗೆ ಗಾಯ, ಸಾವು ಒಂದೂ ಇಲ್ಲ, ಯಾಕಂದ್ರೆ ಭಾನುವಾರ ಬೆಳಗ್ಗೆ ಆರಕ್ಕೆ ಕಚೇರಿಗಳಲ್ಲಿ ಯಾರೂ ಇರಲಿಲ್ಲ. ಸೋಮವಾರ ಹನ್ನೊಂದಕ್ಕೆ ಆಗಿದ್ರೆ ಅನ್ನೋದನ್ನ ಊಹಿಸಿಕೊಳ್ಳೋದೂ ಬೇಡ.

ತನಿಖೆಯವರಿಗೆ ತಲೆಕೆಡಿಸಿದ್ದು ಹಾನಿಯ ಪ್ರಮಾಣ. ಬಯಲಿನಲ್ಲಿ ನಿಂತಿದ್ದ ಕಾರುಗಳು ಎಲ್ಲ ಕಡೆಯಿಂದ ಹಿಚುಕಿದ ಹಾಗೆ ಜಜ್ಜಿಹೋಗಿದ್ವು. ಉಕ್ಕಿನ ಪೆಟ್ಟಿಗೆಗಳು ಒಳಕ್ಕೆ ಕುಸಿದಿದ್ವು. ಆಗಿನ ಲೆಕ್ಕಾಚಾರದ ಮಾದರಿಗಳು ಹೇಳ್ತಿದ್ದ ಒತ್ತಡಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಡಿಪೋ ಪಕ್ಕದಲ್ಲಿ ಪೈಪುಗಳ ಕಾಡು ಇರಲಿಲ್ಲ. ಇದ್ದದ್ದು ನಿಜವಾದ ಮರಗಳು. ರಸ್ತೆ ಬದಿಗೆ ಸಾಲಾಗಿ ಬೆಳೆದ ಮರ, ಬುಡದಲ್ಲಿ ದಟ್ಟ ಪೊದೆ. ಕೊಳವೆಯಲ್ಲಿ ಅಡ್ಡಿಗಳು ಮಾಡೋ ಕೆಲಸವನ್ನ ಅಲ್ಲಿ ಕೊಂಬೆ ರೆಂಬೆಗಳು ಮಾಡಿದ್ವು. ಪೊದೆಯ ಉದ್ದಕ್ಕೂ ಜ್ವಾಲೆ ಸುಕ್ಕಾಗ್ತಾ, ವೇಗ ಹೆಚ್ಚಿಸಿಕೊಳ್ತಾ ಓಡಿ, ಕೊನೆಗೆ ಮಂಜಿನ ಒಂದು ಭಾಗದಲ್ಲಾದ್ರೂ ಡೆಟೊನೇಶನ್ ಆಗಿರೋ ಸಾಧ್ಯತೆಯೇ ಹೆಚ್ಚು ಅಂತ ತಜ್ಞರ ಗುಂಪು ಹೇಳ್ತು. ಆಮೇಲೆ ಇಂಗ್ಲೆಂಡಿನ ಸ್ಪೇಡ್‌ಆಡಮ್ ಪರೀಕ್ಷಾ ಮೈದಾನದಲ್ಲಿ ಮರಗಿಡಗಳನ್ನೇ ಸಾಲಾಗಿ ನಿಲ್ಲಿಸಿ, ಪ್ರೊಪೇನ್ ತುಂಬಿ, ಹಚ್ಚಿ ನೋಡಿದ್ರು. ಮರಗಳ ನಡುವೆ ಜ್ವಾಲೆ ಡೆಟೊನೇಶನ್‌ಗೆ ತಿರುಗಬಲ್ಲದು ಅನ್ನೋದು ಅಲ್ಲಿ ಕಂಡಿತು. ಬನ್ಸ್‌ಫೀಲ್ಡ್‌ನಲ್ಲೂ ಹಾಗೇ ಆಯ್ತು ಅನ್ನೋದನ್ನ ಒಪ್ಪದ ತಜ್ಞರೂ ಇದ್ದಾರೆ. ನನಗೆ ಮರಗಳ ವಾದವೇ ಗಟ್ಟಿ ಅನ್ನಿಸುತ್ತೆ.

ನಾಲ್ಕು ವರ್ಷ ಆಗಿತ್ತಷ್ಟೆ, ಹೆಚ್ಚುಕಡಿಮೆ ಅದೇ ಕಥೆ ನಮ್ಮಲ್ಲಿ. 2009ರ ಅಕ್ಟೋಬರ್ 29ರ ಸಂಜೆ, ಜೈಪುರದ ಸೀತಾಪುರದ ತೈಲ ಡಿಪೋ. ಪೆಟ್ರೋಲ್ ಒಂದು ಗಂಟೆಗೂ ಹೆಚ್ಚು ಹೊತ್ತು ಸೋರಿ ಆವಿ ಹರಡಿತು, ಆಮೇಲೆ ಹೊತ್ತಿಕೊಳ್ತು. ಇಲ್ಲಿ ಭಾನುವಾರದ ಅದೃಷ್ಟ ಇರಲಿಲ್ಲ. ಹತ್ತಕ್ಕೂ ಹೆಚ್ಚು ಮಂದಿ ಸತ್ತರು, ಬೆಂಕಿ ಒಂದು ವಾರ ದಾಟಿ ಉರೀತು. ಹಾನಿಯನ್ನ ಅಧ್ಯಯನ ಮಾಡಿದ ಕೆಲವರು ಅಲ್ಲೂ ಡೆಟೊನೇಶನ್ನಿನ ಕುರುಹು ಕಂಡಿದ್ದಾರೆ. ಪೆಟ್ರೋಲ್ ಡಿಪೋ ಕಾಂಪೌಂಡಿನ ಸುತ್ತ ದಟ್ಟ ಹಸಿರು ಬೇಲಿ ನೋಡಿದಾಗ ಅದು ಬರೀ ಅಲಂಕಾರ ಅಂತ ನನಗಂತೂ ಅನ್ನಿಸಲ್ಲ.

ಇಷ್ಟೆಲ್ಲ ಕೇಳಿ, ನಮ್ಮ ಅಡುಗೆಮನೆಯ ಸಿಲಿಂಡರ್ ಡೆಟೊನೇಟ್ ಆಗುತ್ತಾ ಅಂತ ಕೇಳಿದ್ರೆ, ಸಾಮಾನ್ಯವಾಗಿ ಇಲ್ಲ. ‘ಸಿಲಿಂಡರ್ ಸ್ಫೋಟ’ ಅಂತ ಬರೋ ಎಷ್ಟೋ ಸುದ್ದಿಗಳಲ್ಲಿ ಸಿಲಿಂಡರ್ ಒಡೆದೇ ಇರಲ್ಲ. ಸೋರಿದ ಅನಿಲ ಕೋಣೆ ತುಂಬಿಕೊಂಡು ಉರಿದಿರುತ್ತೆ. ಅದು ನಿಧಾನದ ಜಾತಿಯ ಬೆಂಕಿಯೇ. ಆದ್ರೆ ಮುಚ್ಚಿದ ಕೋಣೆಯಲ್ಲಿ ಗಾಳಿಗೆ ಸರಿಯೋಕೆ ಜಾಗ ಇಲ್ಲ. ವಾತಾವರಣದ ಹತ್ತನೇ ಒಂದು ಭಾಗ ಒತ್ತಡ ಏರಿದ್ರೂ ಪ್ರತಿ ಚದರ ಮೀಟರಿಗೆ ಸುಮಾರು ಒಂದು ಟನ್. ಒಂದು ಬಾಗಿಲಿನ ಮೇಲೆ ಎರಡು ಟನ್. ಇಟ್ಟಿಗೆ ಗೋಡೆ ಕುಸಿಯೋಕೆ ಅದು ಧಾರಾಳ ಆಯ್ತು.

ಅಡುಗೆ ಅನಿಲ ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ಕೂತಿರುತ್ತೆ. ಗಾಳಿಯಲ್ಲಿ ನೂರಕ್ಕೆ ಎರಡು ಭಾಗ ಆದ್ರೆ ಸಾಕು, ಹೊತ್ತಿಕೊಳ್ಳುತ್ತೆ. ವಾಸನೆ ಬಂದ್ರೆ ಲೈಟ್ ಹಾಕೋದೂ ಬೇಡ, ಆರಿಸೋದೂ ಬೇಡ, ಎರಡರಲ್ಲೂ ಕಿಡಿ ಬರುತ್ತೆ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆಗೆದು, ಎಲ್ಲರನ್ನೂ ಕರ್ಕೊಂಡು ಹೊರಗೆ ಬನ್ನಿ. ಹೊರಗೆ ಬಂದ ಮೇಲೆ ಫೋನ್. ಸಹಾಯವಾಣಿ 1906.

ಫೋನ್ ಅಂದಾಗ ಕೊನೆಯದಾಗಿ ಒಂದು. 2020ರ ಆಗಸ್ಟ್ 4, ಬೈರೂತ್. ಬಂದರಿನ ಗೋದಾಮಿನಲ್ಲಿ 2,750 ಟನ್ ಅಮೋನಿಯಂ ನೈಟ್ರೇಟ್ ಇಟ್ಟಿದ್ರು. ಮೊದಲು ಬೆಂಕಿ, ಹೊಗೆ. ಆಮೇಲೆ ಒಂದು ಸಣ್ಣ ಸ್ಫೋಟ. ಸುಮಾರು ಅರ್ಧ ನಿಮಿಷದ ನಂತರ ದೊಡ್ಡದು. ಆ ವಿಡಿಯೋಗಳನ್ನ ನೀವೆಲ್ಲ ನೋಡಿದ್ದೀರಿ. ಬಿಳಿ ಗುಮ್ಮಟ ಊದಿಕೊಂಡು ಕ್ಯಾಮೆರಾ ಕಡೆ ಬರುತ್ತೆ, ಫೋನ್ ಕೈಯಿಂದ ಹಾರುತ್ತೆ. ಆ ವಿಡಿಯೋ ತೆಗೆದವರು ಎಲ್ಲಿ ನಿಂತಿದ್ರು? ಕಿಟಕಿಯಲ್ಲಿ, ಬಾಲ್ಕನಿಯಲ್ಲಿ. ಸತ್ತವರು ಇನ್ನೂರಕ್ಕೂ ಹೆಚ್ಚು, ಗಾಯಗೊಂಡವರು ಸಾವಿರಾರು, ಎಷ್ಟೋ ಮಂದಿಗೆ ಒಡೆದ ಗಾಜಿನಿಂದ. ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ 1917ರ ಡಿಸೆಂಬರ್ 6ರಂದು ಸ್ಫೋಟಕ ತುಂಬಿದ ಹಡಗು ಉರೀತಿದ್ದಾಗಲೂ ಜನ ಕಿಟಕಿ ಹತ್ತಿರ ನಿಂತು ನೋಡ್ತಿದ್ರು. ನೂರಾರು ಜನರ ಕಣ್ಣಿಗೆ ಗಾಜು ಹೊಕ್ಕಿತು. ಆಗ ಫೋನ್ ಇರಲಿಲ್ಲ, ಕುತೂಹಲ ಇತ್ತು.

ಬೆಳಕು ಕಣ್ಣಿಗೆ ತಕ್ಷಣ ಮುಟ್ಟುತ್ತೆ. ದೂರದಲ್ಲಿ ಒತ್ತಡದ ಅಲೆ ಸುಮಾರು ಶಬ್ದದ ವೇಗಕ್ಕೆ ಇಳಿದಿರುತ್ತೆ, ಅಂದ್ರೆ ಒಂದು ಕಿಲೋಮೀಟರಿಗೆ ಮೂರು ಸೆಕೆಂಡು. ಎರಡು ಕಿಲೋಮೀಟರ್ ದೂರದಲ್ಲಿ ಭಾರೀ ಮಿಂಚು ಕಂಡ್ರೆ ನಿಮಗೆ ಆರು ಸೆಕೆಂಡ್ ಸಿಗುತ್ತೆ. ಗಾಜಿಗೆ ಬೆನ್ನು ಹಾಕಿ, ಕೆಳಗೆ ಕೂತು, ಗೋಡೆ ಮರೆಗೆ ಸರಿದು, ಮುಖ ಮುಚ್ಚಿಕೊಳ್ಳೋಕೆ ಆರು ಸೆಕೆಂಡ್ ಸಾಕು. ಕ್ಯಾಮೆರಾ ಆನ್ ಮಾಡಿ ಜೂಮ್ ಮಾಡೋಕೂ ಅಷ್ಟೇ ಹೊತ್ತು ಬೇಕಾಗೋದು.